ಅಲೆ ಏರುವ ಮುನ್ನ: ಘಟ್ಟದ ಬುಡದವರಿಗೆ ಒಂದಷ್ಟು ಸೂತ್ರಗಳು

ಬಂಟ್ವಾಳಕ್ಕೆ ಕಡಲಿಲ್ಲ. ಬೆಳ್ತಂಗಡಿಗೂ ಇಲ್ಲ, ಮೂಡುಬಿದಿರೆಗೂ ಇಲ್ಲ. ದಕ್ಷಿಣ ಕನ್ನಡದ ತೀರವೆಲ್ಲ ಮೂಲ್ಕಿ, ಮಂಗಳೂರು, ಉಳ್ಳಾಲ ತಾಲೂಕುಗಳ ಪಾಲು. ಆದರೂ ಅಲೆಯ ಮೇಲೆ ನಿಲ್ಲುವ ಹುಚ್ಚು ನಮ್ಮ ಕಡೆಯ ಹುಡುಗ ಹುಡುಗಿಯರಿಗೂ ಹತ್ತಿದೆ. ಹತ್ತದೆ ಏನು? ಮೂಡುಬಿದಿರೆಯಿಂದ ಕಿನ್ನಿಗೋಳಿ ದಾಟಿದರೆ ಮೂಲ್ಕಿ. ಅಲ್ಲಿ ಶಾಂಭವಿ ಹೊಳೆಯ ದಡದ ಆಶ್ರಮದಲ್ಲಿ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಶುರುವಾಯಿತು. ಅದನ್ನು ಶುರುಮಾಡಿದ, ಅಮೆರಿಕದಿಂದ ಬಂದು ಸನ್ಯಾಸಿಯಾದ ಜ್ಯಾಕ್ ಹೆಬ್ನರ್ ಅವರಿಗೆ ‘ಸರ್ಫಿಂಗ್ ಸ್ವಾಮಿ’ ಎಂಬ ಹೆಸರೇ ನಿಂತುಬಿಟ್ಟಿತು. 2011ರಲ್ಲಿ ಸರ್ಫಿಂಗ್ ಫೆಡರೇಶನ್ ಆಫ್ ಇಂಡಿಯಾ ಹುಟ್ಟಿತು. 2016ರ ಮೇ ತಿಂಗಳಲ್ಲಿ ಮೂಲ್ಕಿ ಬಳಿಯ ಸಸಿಹಿತ್ಲುವಿನಲ್ಲಿ ಮೊದಲ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆಯಿತು. 2022, 2023ರಲ್ಲಿ ಪಣಂಬೂರಿಗೆ ಹೋದ ಆ ಸ್ಪರ್ಧೆ 2024, 2025ರಲ್ಲಿ ಮತ್ತೆ ಸಸಿಹಿತ್ಲುವಿಗೆ ಬಂತು. ದೇಶಕ್ಕೆ ಸರ್ಫಿಂಗ್ ಕಲಿಸಿದ ಊರು ನಮ್ಮ ಪಕ್ಕದಲ್ಲೇ ಇದೆ.

ಕಲಿಯಹೊರಟವರಿಗಾಗಿ ಈ ಸೂತ್ರಗಳು. ಇವುಗಳಲ್ಲಿ ಹೆಚ್ಚಿನವು ನೀರಿಗಿಳಿಯುವುದಕ್ಕಿಂತ ಮುಂಚಿನವು, ಬೇಕೆಂದೇ ಹಾಗೆ ಬರೆದದ್ದು. ಈ ಆಟದಲ್ಲಿ ಬಹಳ ವರ್ಷ ಉಳಿದವರನ್ನು ಗಮನಿಸಿ ನೋಡಿ. “ಇವತ್ತು ಬೇಡ” ಎಂದು ಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ವಾಪಸು ಬರಲು ಗೊತ್ತಿರುವವರೇ ಅವರು.

1. ಹೊಳೆಯ ಈಜನ್ನು ಕಡಲಿನ ಈಜೆಂದು ತಿಳಿಯಬೇಡಿ

ನಮ್ಮಲ್ಲಿ ಈಜು ಬಾರದವರು ಕಡಿಮೆ. ಪಾಣೆಮಂಗಳೂರಿನ ಹುಡುಗ ನೇತ್ರಾವತಿಯಲ್ಲಿ ಕಲಿತಿರುತ್ತಾನೆ, ವೇಣೂರಿನವನು ಫಲ್ಗುಣಿಯಲ್ಲಿ, ಇನ್ನೊಬ್ಬ ತೋಟದ ಕೆರೆಯಲ್ಲಿ. ತೊಂದರೆ ಶುರುವಾಗುವುದೇ ಆ ಧೈರ್ಯದಿಂದ. ಹೊಳೆ ಒಂದೇ ದಿಕ್ಕಿಗೆ ಎಳೆಯುತ್ತದೆ, ಎರಡೂ ಕಡೆ ದಡ ಕಾಣುತ್ತದೆ. ಕಡಲಿನಲ್ಲಿ ಒಂದೇ ದಡ. ನೀರು ಮುಂದಕ್ಕೂ ಬರುತ್ತದೆ, ಹಿಂದಕ್ಕೂ ಹೋಗುತ್ತದೆ, ಅಡ್ಡಕ್ಕೂ ಹರಿಯುತ್ತದೆ, ಮೇಲಿಂದ ಬಂದು ಬಡಿಯುತ್ತದೆ ಕೂಡ. ಬೋರ್ಡ್ ಮುಟ್ಟುವ ಮೊದಲು ಎರಡು ಕೆಲಸ ನಿಮ್ಮಿಂದ ಆಗಬೇಕು: ನಿಲ್ಲದೆ 200 ಮೀಟರ್ ಈಜುವುದು, ಹತ್ತು ನಿಮಿಷ ಅಂಗಾತ ತೇಲುವುದು. ಎರಡನೆಯದು ಹೆಚ್ಚು ಮುಖ್ಯ. ಉಪ್ಪುನೀರು ಹೊಳೆಯ ನೀರಿಗಿಂತ ಚೆನ್ನಾಗಿ ತೇಲಿಸುತ್ತದೆ. ಗಾಬರಿಯಾದವನಿಗೆ ಮಾತ್ರ ಅದರಿಂದ ಪ್ರಯೋಜನವಿಲ್ಲ.

2. ಗುರುವನ್ನು ಪ್ರಶ್ನೆ ಕೇಳಿಯೇ ಒಪ್ಪಿಕೊಳ್ಳಿ

ಯೂಟ್ಯೂಬ್ ನೋಡಿ ಅಡುಗೆ ಕಲಿಯಬಹುದು. ಅಲೆ ಬಂದಾಗ ಬೆನ್ನ ಹಿಂದೆ ನಿಂತು “ಈಗ, ಈಗ” ಎಂದು ಹೇಳಲು ಮನುಷ್ಯನೇ ಬೇಕು. ಕ್ಲಬ್ಬಿಗೆ ಹೋದ ಕೂಡಲೇ ಹಣ ಕಟ್ಟಬೇಡಿ. ಒಬ್ಬ ತರಬೇತುದಾರನಿಗೆ ಎಷ್ಟು ಮಂದಿ ಕಲಿಯುವವರು? ಅವರಿಗೆ ಜೀವರಕ್ಷಣೆಯ ತರಬೇತಿ ಆಗಿದೆಯೇ? ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲಿದೆ? ಕೊನೆಯದಾಗಿ ಇದನ್ನು ಕೇಳಿ: “ಕಡಲು ಸರಿ ಇಲ್ಲದ ದಿನ ನೀವು ತರಗತಿ ರದ್ದು ಮಾಡುತ್ತೀರಾ?” ಮಾಡುತ್ತೇವೆ, ಹಣ ಮುಂದಿನ ತರಗತಿಗೆ ಹಿಡಿದುಕೊಳ್ಳುತ್ತೇವೆ ಎಂದರೆ ಅಲ್ಲೇ ಸೇರಿ. “ಅದೇನೂ ಆಗುವುದಿಲ್ಲ ಮಾರಾಯ್ರೆ” ಎಂದರೆ ನಮಸ್ಕಾರ ಹೇಳಿ ಹೊರಡಿ.

3. ಮನೆಯಲ್ಲಿ ಹೇಳಿ ಹೋಗಿ

ಕಡಲೆಂದರೆ ನಮ್ಮ ಅಮ್ಮಂದಿರಿಗೆ ಪತ್ರಿಕೆಯ ಸುದ್ದಿ ನೆನಪಾಗುತ್ತದೆ. ವಿಹಾರಕ್ಕೆ ಹೋದವರು ನೀರುಪಾಲು ಎಂಬ ಸುದ್ದಿ ಕರಾವಳಿಯಲ್ಲಿ ತಪ್ಪದೆ ಬರುತ್ತದೆ, ಅವರಲ್ಲಿ ಒಳನಾಡಿನ ವಿದ್ಯಾರ್ಥಿಗಳೂ ಇರುತ್ತಾರೆ. ಆದ್ದರಿಂದ ಅಮ್ಮಂದಿರ ಹೆದರಿಕೆಯನ್ನು ಗೇಲಿ ಮಾಡಬೇಡಿ. ಯಾವ ಬೀಚು, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸು ಎಂದು ಹೇಳಿ. ಒಮ್ಮೆ ಅವರನ್ನೇ ಕರೆದುಕೊಂಡು ಹೋಗಿ. ಬರುವಾಗ ಕಟೀಲಿನಲ್ಲಿ ಇಳಿದು ಊಟ ಮಾಡಿಕೊಂಡು ಬರಬಹುದು.

4. ವರ್ಷವನ್ನು ಕಡಲಿನ ಲೆಕ್ಕದಲ್ಲಿ ನೋಡಿ

ಇದೊಂದನ್ನು ವಿಸ್ತಾರವಾಗಿಯೇ ಹೇಳಬೇಕು.

ನವೆಂಬರಿನಿಂದ ಫೆಬ್ರವರಿವರೆಗೆ ಕಡಲು ಸೌಮ್ಯ. ಅಲೆ ಮೊಣಕಾಲು, ಸೊಂಟದ ಮಟ್ಟ. ಪಳಗಿದವರಿಗೆ ಬೇಸರ ಬರುವ ಕಾಲ, ಹೊಸಬರಿಗೆ ಚಿನ್ನದಂಥ ಕಾಲ. ಕಲಿಕೆ ಶುರುವಾಗುವುದಾದರೆ ಇಲ್ಲಿಂದಲೇ ಆಗಬೇಕು.

ಮಾರ್ಚ್ ಕಳೆದ ಹಾಗೆ ಅಲೆಗೆ ಮೈ ಬರುತ್ತದೆ. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎಲ್ಲೋ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಕಿಲೋಮೀಟರ್ ಸಾಗಿ ನಮ್ಮ ತೀರಕ್ಕೆ ಬಂದು ಒಡೆಯುತ್ತವೆ. ಇಲ್ಲಿ ಒಂದು ಎಲೆಯೂ ಅಲ್ಲಾಡದ ದಿನ ಕಡಲಿನಲ್ಲಿ ದೊಡ್ಡ ಅಲೆ ಇರುವುದು ಇದರಿಂದಲೇ. ಇಂಡಿಯನ್ ಓಪನ್ ಅನ್ನು ಮೇ ಕೊನೆ, ಜೂನ್ ಮೊದಲ ದಿನಗಳಿಗೆ ಇಟ್ಟುಕೊಳ್ಳುವುದೂ ಅಲೆಗೆ ಎತ್ತರ ಬಂದಿರುವ, ಮಳೆಗಾಲ ಇನ್ನೂ ಪೂರ್ತಿ ಹಿಡಿಯದ ಆ ಸಣ್ಣ ಸಂದನ್ನು ನೋಡಿಕೊಂಡು.

ಜೂನ್ ಹಿಡಿದರೆ ಮುಗಿಯಿತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ರಜೆ. ಆ ರಜೆ ಮೀನಿನ ಸಂತಾನಕ್ಕಾಗಿ ಇರುವುದು ನಿಜ, ಆದರೆ ಅಷ್ಟು ದೊಡ್ಡ ಬೋಟುಗಳು ಧಕ್ಕೆಯಲ್ಲಿ ಕಟ್ಟಿಕೊಂಡು ನಿಂತಿರುವಾಗ ಎಂಟಡಿಯ ಹಲಗೆ ಹಿಡಿದು ನೀವೆಲ್ಲಿಗೆ ಹೊರಟಿರಿ? ಬೀಚುಗಳಲ್ಲಿ ಕೆಂಪು ಬಾವುಟ ಹಾರುತ್ತದೆ, ಗೃಹರಕ್ಷಕರು ಸೀಟಿ ಊದುತ್ತಾರೆ. ಅವರ ಜೊತೆ ವಾದಕ್ಕೆ ನಿಲ್ಲಬೇಡಿ.

ಸೆಪ್ಟೆಂಬರ್ ಕೊನೆಗೆ, ಅಕ್ಟೋಬರಿನಲ್ಲಿ ಕಡಲು ಮತ್ತೆ ಬಾಗಿಲು ತೆರೆಯುತ್ತದೆ. ಹೋದ ವರ್ಷ ಕಂಡ ಮರಳ ದಿಣ್ಣೆ ಆಗ ಅದೇ ಜಾಗದಲ್ಲಿ ಇರುವುದಿಲ್ಲ. ಮಳೆಗಾಲ ಅದನ್ನು ಕಿತ್ತು ಬೇರೆ ಕಡೆ ಹಾಕಿರುತ್ತದೆ. ಅಲೆ ಒಡೆಯುವ ಜಾಗ, ಸೆಳೆತದ ಜಾಗ ಎಲ್ಲವೂ ಹೊಸತು. ಪರಿಚಯದ ಬೀಚನ್ನು ಆ ತಿಂಗಳು ಪರಿಚಯವಿಲ್ಲದ ಬೀಚೆಂದೇ ಎಣಿಸಿ.

5. ಬೆಳಗಿನ ಘಟ್ಟದ ಗಾಳಿಯನ್ನು ಬಳಸಿಕೊಳ್ಳಿ

ಡಿಸೆಂಬರ್, ಜನವರಿಯ ನಸುಕಿನಲ್ಲಿ ಬೆಳ್ತಂಗಡಿಯ ಅಂಗಳದಲ್ಲಿ ನಿಂತರೆ ಪೂರ್ವದಿಂದ ತಣ್ಣನೆಯ ಗಾಳಿ ಮುಖಕ್ಕೆ ಹೊಡೆಯುತ್ತದಲ್ಲ, ನೆಲದ ಕಡೆಯಿಂದ ಕಡಲಿನ ಕಡೆಗೆ ಬೀಸುವ ಆ ಗಾಳಿಯೇ ತೀರದಲ್ಲಿ ಅಲೆಯ ಮುಖವನ್ನು ಎದುರಿನಿಂದ ತಡೆದು ನೇರವಾಗಿ ನಿಲ್ಲಿಸುತ್ತದೆ. ಅಲೆ ತಡವಾಗಿ, ಚೊಕ್ಕವಾಗಿ ಒಡೆಯುತ್ತದೆ. ಹತ್ತು, ಹನ್ನೊಂದು ಗಂಟೆಗೆ ನೆಲ ಕಾದು ಗಾಳಿ ತಿರುಗುತ್ತದೆ. ಕಡಲಿನಿಂದ ಬೀಸತೊಡಗಿದ ಮೇಲೆ ನೀರೆಲ್ಲ ಕದಡಿ ಅಲೆಗೆ ಆಕಾರವೇ ಇರುವುದಿಲ್ಲ. ಹಾಗಾಗಿ ಬೆಳ್ತಂಗಡಿಯವರು ಮೊದಲ ಬಸ್ಸಿಗೆ ಹೊರಟರೂ ಒಳ್ಳೆಯ ಹೊತ್ತು ಅರ್ಧ ಕಳೆದಿರುತ್ತದೆ. ಹಿಂದಿನ ರಾತ್ರಿಯೇ ಮೂಲ್ಕಿಯ ನೆಂಟರ ಮನೆಯಲ್ಲಿ ಉಳಿಯುವುದು ಜಾಣತನ. ನೆಂಟರಿಲ್ಲದಿದ್ದರೆ ಗೆಳೆಯರನ್ನು ಮಾಡಿಕೊಳ್ಳಿ.

6. ಇಪ್ಪತ್ತು ನಿಮಿಷ ಸುಮ್ಮನೆ ನೋಡಿ

ಬೀಚಿಗೆ ಹೋದ ಕೂಡಲೇ ಓಡಿ ನೀರಿಗೆ ಬೀಳುವವರು ಪ್ರವಾಸಿಗರು. ನೀವು ಎತ್ತರದ ಜಾಗದಲ್ಲಿ ಕೂತು ನೋಡಿ. ಅಲೆಗಳು ಗುಂಪಾಗಿ ಬರುತ್ತವೆ: ಸ್ವಲ್ಪ ಹೊತ್ತು ಸಣ್ಣವು, ಆಮೇಲೆ ಒಂದರ ಹಿಂದೊಂದು ದೊಡ್ಡವು, ಮತ್ತೆ ವಿರಾಮ. ಆ ವಿರಾಮದಲ್ಲಿ ಮಾತ್ರ ಕಡಲನ್ನು ನೋಡಿ ಒಳಗೆ ಹೋದವನಿಗೆ ದೊಡ್ಡ ಗುಂಪು ಬಂದಾಗ ತಿಳಿಯುತ್ತದೆ.

ಎರಡು ಅಲೆಗಳ ನಡುವಿನ ಸಮಯವನ್ನು ಎಣಿಸಿ. ಆರೇಳು ಸೆಕೆಂಡಿಗೊಂದು ಬಂದರೆ ಹತ್ತಿರದ ಗಾಳಿಯ ಅಲೆ. ಹದಿನಾಲ್ಕು, ಹದಿನಾರು ಸೆಕೆಂಡಿಗೊಂದು ಬಂದರೆ ದೂರದಿಂದ ಬಂದದ್ದು. ಎರಡೂ ಒಂದೇ ಎತ್ತರ ಕಂಡರೂ ಎರಡನೆಯದರ ಬಲವೇ ಬೇರೆ.

ಇನ್ನು ಮುಖ್ಯವಾದದ್ದು, ಸೆಳೆತ. ಇಂಗ್ಲಿಷಿನವರು ರಿಪ್ ಕರೆಂಟ್ ಎನ್ನುವುದು ಇದನ್ನೇ. ಅಲೆಗಳು ಒಡೆದು ದಡಕ್ಕೆ ತಂದು ಸುರಿದ ನೀರು ಹೇಗಾದರೂ ವಾಪಸು ಹೋಗಬೇಕಲ್ಲ. ಮರಳ ದಿಣ್ಣೆಗಳ ನಡುವೆ ಆಳದ ಕಾಲುವೆ ಕಂಡಲ್ಲಿ ಅದೆಲ್ಲ ಒಟ್ಟಾಗಿ ಹೊರಗೆ ಹರಿಯುತ್ತದೆ. ಗುರುತು ಹೀಗೆ: ಅಕ್ಕಪಕ್ಕದಲ್ಲಿ ಅಲೆ ಬೆಳ್ಳಗೆ ಒಡೆಯುತ್ತಿದ್ದರೆ ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಒಡೆಯುವುದಿಲ್ಲ. ಅಲ್ಲಿ ನೀರಿನ ಬಣ್ಣ ಗಾಢ, ಇಲ್ಲವೇ ಕೆಸರು. ನೊರೆ, ಕಸ, ಎಲೆ ದಡದಿಂದ ಕಡಲಿನ ಕಡೆಗೆ ಹೋಗುತ್ತಿರುತ್ತವೆ. ಏನೂ ತಿಳಿಯದವನ ಕಣ್ಣಿಗೆ ಇಡೀ ಬೀಚಿನಲ್ಲಿ ಅತಿ ಶಾಂತವಾಗಿ, ಮಕ್ಕಳನ್ನು ಇಳಿಸಲು ಹೇಳಿ ಮಾಡಿಸಿದ ಹಾಗೆ ಕಾಣುವ ಜಾಗ ಅದೇ. ಹೊಳೆಯಲ್ಲಿ ಸಮ ನೀರು ಕಂಡಲ್ಲಿ ಇಳಿದು ರೂಢಿಯಾದ ನಮ್ಮವರು ಕಡಲಲ್ಲೂ ಅಲ್ಲೇ ಇಳಿಯುತ್ತಾರೆ. ಈ ಲೇಖನದಲ್ಲಿ ಒಂದೇ ಸಾಲು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ: ಕಡಲಿನಲ್ಲಿ ಅಲೆ ಒಡೆಯದ ಜಾಗವನ್ನು ಅನುಮಾನಿಸಿ.

7. ಸೆಳೆತಕ್ಕೆ ಸಿಕ್ಕಿದರೆ

ದಡದ ಕಡೆಗೆ ನೇರವಾಗಿ ಈಜಬೇಡಿ. ಜೋರಾದ ಸೆಳೆತ ಸೆಕೆಂಡಿಗೆ ಎರಡು ಮೀಟರಿಗೂ ಮೀರಿ ಹರಿಯಬಲ್ಲದು. ಒಲಿಂಪಿಕ್ಸ್ ಈಜುಗಾರನೂ ಅದರ ಎದುರು ಹೆಚ್ಚು ಹೊತ್ತು ನಿಲ್ಲಲಾರ. ಸೆಳೆತ ನಿಮ್ಮನ್ನು ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ ಅಷ್ಟೆ. ಮುಳುಗಿಸುವುದು ಆಯಾಸ. ಮೊದಲು ತೇಲಿ, ಉಸಿರು ಸರಿಮಾಡಿಕೊಳ್ಳಿ. ಬಳಿಕ ದಡಕ್ಕೆ ಸಮಾನಾಂತರವಾಗಿ, ಅಲೆ ಒಡೆಯುತ್ತಿರುವ ಕಡೆಗೆ ಸರಿದು, ಆ ಅಲೆಗಳ ತಳ್ಳಿನಲ್ಲೇ ದಡ ಸೇರಿ. ಶಕ್ತಿ ಇಲ್ಲ ಅನಿಸಿದರೆ ಒಂದು ಕೈ ಮೇಲೆತ್ತಿ ಕೂಗಿ, ತೇಲುತ್ತಲೇ ಇರಿ. ಬೋರ್ಡ್ ಇದ್ದರೆ ಯಾವ ಕಾರಣಕ್ಕೂ ಅದನ್ನು ಬಿಡಬೇಡಿ. ಪಳಗಿದ ಸರ್ಫರುಗಳು ಕೈ ನೋಯಿಸಿಕೊಳ್ಳದೆ ಹೊರಗೆ ಹೋಗಲು ಇದೇ ಸೆಳೆತವನ್ನು ಬಳಸುತ್ತಾರೆ. ಅದು ಮುಂದಿನ ತರಗತಿಯ ಪಾಠ.

8. ಅಳಿವೆ ಬಾಗಿಲಿನಲ್ಲಿ ಇಳಿಯಬೇಡಿ

ಸಸಿಹಿತ್ಲು ಚೆಂದ ಕಾಣುವುದೇ ಅಲ್ಲಿ ಶಾಂಭವಿ, ನಂದಿನಿ ಎರಡೂ ಕೂಡಿ ಕಡಲು ಸೇರುವುದರಿಂದ. ಅಳಿವೆಯ ದಿಣ್ಣೆಗಳು ಅಲೆಗೆ ಒಳ್ಳೆಯ ಆಕಾರ ಕೊಡುತ್ತವೆ. ಆದರೆ ಬಾಗಿಲಿನ ಬಾಯಿಯೇ ಬೇರೆ ಮಾತು. ಇಳಿತದ ಹೊತ್ತಿಗೆ ಹೊಳೆಯ ನೀರೂ ಭರತದಲ್ಲಿ ಒಳಗೆ ಹೊಕ್ಕ ನೀರೂ ಒಟ್ಟಾಗಿ ಹೊರಗೆ ನುಗ್ಗುತ್ತವೆ; ಎದುರಿನಿಂದ ಅಲೆ ಬರುತ್ತದೆ. ಎರಡರ ನಡುವೆ ಸಿಕ್ಕಿದವನಿಗೆ ಈಜು ಬಂದರೂ ಬಾರದಿದ್ದರೂ ಒಂದೇ.

ಇಲ್ಲಿ ನಮ್ಮ ತಾಲೂಕುಗಳ ಹವಾಮಾನವೂ ಲೆಕ್ಕಕ್ಕೆ ಬರುತ್ತದೆ. ಚಾರ್ಮಾಡಿಯಲ್ಲಿ ಬಿದ್ದ ಮಳೆ ಮೃತ್ಯುಂಜಯ ಹೊಳೆಯಿಂದ ನೇತ್ರಾವತಿಗೆ ಬಂದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಬಂಟ್ವಾಳ ಹಾದು ಕೋಟೆಪುರ, ಬೆಂಗ್ರೆಗಳ ನಡುವಿನ ಅಳಿವೆಯಲ್ಲಿ ಹೊರಬೀಳುತ್ತದೆ. ವೇಣೂರಿನ ಫಲ್ಗುಣಿ ಬಂದು ಸೇರುವುದೂ ಅಲ್ಲಿಗೇ. ಬಂಟ್ವಾಳದಲ್ಲಿ ನೇತ್ರಾವತಿಯ ಅಪಾಯದ ಮಟ್ಟ 8.5 ಮೀಟರ್. ಪತ್ರಿಕೆಯಲ್ಲಿ ಆ ಅಂಕಿ ಏರುತ್ತಿದೆ ಎಂದು ಓದಿದ ದಿನ ಉಳ್ಳಾಲದ ಕಡೆ ಮುಖ ಹಾಕಬೇಡಿ. 1974ರ ನೆರೆಯ ಕತೆ ಕೇಳಿ ಬೆಳೆದವರಿಗೆ, 2019ರ ಆಗಸ್ಟಿನಲ್ಲಿ ಬೆಳ್ತಂಗಡಿ ಕಂಡವರಿಗೆ ಆ ನೀರಿನಲ್ಲಿ ಏನೆಲ್ಲ ತೇಲಿ ಹೋಗುತ್ತದೆಂದು ಹೇಳಬೇಕಾಗಿಲ್ಲ. ಅಡಿಕೆ ಮರ, ತೆಂಗಿನ ಬುಡ, ಬೇಲಿಯ ಮುಳ್ಳುತಂತಿ. ಕೆಂಪು ನೀರಿನಲ್ಲಿ ಅಂಗುಲ ಆಳವೂ ಕಾಣದು. ಮಳೆ ನಿಂತು ಹೊಳೆ ತಿಳಿಯಾಗುವ ತನಕ ಅಳಿವೆಯ ಆಸುಪಾಸಿನ ಅಲೆ ಬೇಡವೇ ಬೇಡ. ಬೋರ್ಡಿಗೆ ಮರದ ದಿಮ್ಮಿ ಬಡಿದರೆ ಬೋರ್ಡ್ ಹೋಗುತ್ತದೆ, ತಲೆಗೆ ಬಡಿದರೆ ಹೇಳುವುದೇನಿದೆ.

ಹೊಳೆಯೊಂದಿಗೆ ಮರಳೂ ಬರುತ್ತದೆ ಎಂಬುದನ್ನು ಮರೆಯಬಾರದು. ಅಲೆ ಒಡೆಯಲು ದಿಣ್ಣೆ ಬೇಕು, ದಿಣ್ಣೆಗೆ ಮರಳು ಬೇಕು. ಹೊಳೆಯ ಮರಳನ್ನೆಲ್ಲ ಲಾರಿಗೆ ತುಂಬಿ, ಉಳಿದದ್ದನ್ನು ಅಣೆಕಟ್ಟಿನ ಹಿಂದೆ ನಿಲ್ಲಿಸಿ, ಆಮೇಲೆ ಕಡಲ್ಕೊರೆತಕ್ಕೆ ಕಲ್ಲು ಸುರಿಯುವುದನ್ನು ನಾವು ಅಭಿವೃದ್ಧಿ ಎಂದು ಕರೆಯುತ್ತೇವೆ. ಕಲ್ಲಿನ ತಡೆಗೋಡೆ ಇರುವಲ್ಲಿ ಸರ್ಫಿಂಗೂ ಇಲ್ಲ, ಕೈರಂಪಣಿ ಬಲೆ ಎಳೆಯಲು ಜಾಗವೂ ಇಲ್ಲ.

9. ಗೋಡೆಯ ಪಂಚಾಂಗವನ್ನೂ ನೋಡಿ, ಮೊಬೈಲನ್ನೂ ನೋಡಿ

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಭರತ ಇಳಿತಗಳ ಅಂತರ ಹೆಚ್ಚು. ಅಷ್ಟಮಿಯ ಸುಮಾರಿಗೆ ಕಡಿಮೆ. ಮಂಗಳೂರಿನ ತೀರದಲ್ಲಿ ಹೆಚ್ಚೆಂದರೆ ಒಂದೂವರೆ ಮೀಟರಿನ ಆಸುಪಾಸು ಏರಿಳಿತ. ಕಡಿಮೆ ಅನಿಸಬಹುದು. ಅಲೆ ತನ್ನ ಎತ್ತರಕ್ಕಿಂತ ತುಸು ಹೆಚ್ಚಿನ ಆಳ ಸಿಕ್ಕಾಗ ಒಡೆಯುವುದರಿಂದ, ಅಷ್ಟು ನೀರು ಹೆಚ್ಚು ಕಡಿಮೆಯಾದರೆ ಒಡೆಯುವ ಜಾಗವೇ ಬದಲಾಗುತ್ತದೆ. ಭರತ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುತ್ತದೆ. ಕಳೆದ ಭಾನುವಾರದ ಲೆಕ್ಕ ಈ ಭಾನುವಾರಕ್ಕೆ ನಡೆಯದು.

ಮೊಬೈಲಿನಲ್ಲಿ ನೋಡಬೇಕಾದದ್ದು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಮುನ್ಸೂಚನೆ. ಅಲೆಯ ಎತ್ತರ, ಅಂತರ, ಗಾಳಿ ಎಲ್ಲವನ್ನೂ ಜಿಲ್ಲಾವಾರು ಕೊಡುತ್ತಾರೆ. ಅದರಲ್ಲಿ ‘ಕಳ್ಳಕ್ಕಡಲ್’ ಎಂಬ ಎಚ್ಚರಿಕೆ ಕಂಡರೆ ಆ ದಿನ ದಡದಿಂದಲೂ ದೂರ ಇರಿ. ಕೇರಳದ ಮೀನುಗಾರರ ಈ ಮಾತನ್ನು ವಿಜ್ಞಾನಿಗಳೂ ಎತ್ತಿಕೊಂಡಿದ್ದಾರೆ. ಗಾಳಿಯಿಲ್ಲ, ಮೋಡವಿಲ್ಲ, ಆದರೂ ದೂರದ ಸಾಗರದಿಂದ ಬಂದ ನೀರು ಹೇಳದೆ ಕೇಳದೆ ದಡ ಮೀರಿ ಮನೆಯಂಗಳಕ್ಕೆ ನುಗ್ಗುತ್ತದೆ. ಮಳೆಗಾಲಕ್ಕೆ ಮುಂಚಿನ ತಿಂಗಳುಗಳಲ್ಲಿ ಇದು ಹೆಚ್ಚು, ಅಂದರೆ ಅಲೆಗೆ ಮೈ ಬರುವ ಅದೇ ಕಾಲದಲ್ಲಿ.

10. ಬೋರ್ಡ್ ಕೊಳ್ಳಲು ಅವಸರ ಬೇಡ

ಮೊದಲ ವರ್ಷ ಬಾಡಿಗೆಯದೇ ಸಾಕು. ಎಂಟು, ಒಂಬತ್ತು ಅಡಿಯ, ಮೇಲೆ ಮೆದು ಫೋಮ್ ಇರುವ ಬೋರ್ಡ್ ಕೇಳಿ. ವಿಡಿಯೋಗಳಲ್ಲಿ ಕಾಣುವ ಚೂಪು ಮೂತಿಯ ಗಿಡ್ಡ ಬೋರ್ಡ್ ಹೊಸಬರಿಗೆ ಶಿಕ್ಷೆ. ಇಳಿಯುವ ಮೊದಲು ಮೂರು ಕಡೆ ಕೈಯಾಡಿಸಿ: ಅಡಿಯ ಫಿನ್ನುಗಳು ಗಟ್ಟಿಯಾಗಿವೆಯೇ, ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ ಅಂದರೆ ಲೀಶ್ ಎಲ್ಲಾದರೂ ಸೀಳಿದೆಯೇ, ಅದರ ವೆಲ್ಕ್ರೋ ಪಟ್ಟಿಯಲ್ಲಿ ಮರಳು ತುಂಬಿದೆಯೇ. ಮರಳು ತುಂಬಿದ ವೆಲ್ಕ್ರೋ ದೊಡ್ಡ ಅಲೆಗೆ ಬಿಚ್ಚಿಕೊಳ್ಳುತ್ತದೆ. ನಿಮ್ಮನ್ನು ತೇಲಿಸುತ್ತಿದ್ದ ವಸ್ತು ದಡದ ಕಡೆ ಹೋಗುತ್ತದೆ, ನೀವು ಉಳಿಯುತ್ತೀರಿ. ಬೋರ್ಡಿನ ಮೇಲೆ ಬೆಚ್ಚನೆಯ ನೀರಿಗೆಂದೇ ಇರುವ ಗಟ್ಟಿ ಮೇಣ ಹಚ್ಚಿ, ಬೇರೆಯದು ನಮ್ಮ ಬಿಸಿಲಿಗೆ ಕರಗಿ ಹರಿಯುತ್ತದೆ. ಮೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಬೋರ್ಡ್ ಏರುವ ಸಾಹಸ ಬೇಡ. ಉದ್ದ ತೋಳಿನ ಅಂಗಿ ಇರಲಿ, ಬಿಸಿಲಿಗೂ ಎದೆ ತರಚುವುದಕ್ಕೂ ಅದೇ ಮದ್ದು.

11. ನಿಲ್ಲುವುದನ್ನು ಅಂಗಳದಲ್ಲಿ ಕಲಿಯಿರಿ

ಮಲಗಿದ್ದಲ್ಲಿಂದ ಎರಡೂ ಕೈ ಎದೆಯ ಬದಿಗೆ ಊರಿ, ಒಂದೇ ನೆಗೆತಕ್ಕೆ ಎರಡೂ ಪಾದ ಕೆಳಗೆ ತಂದು ನಿಲ್ಲಬೇಕು. ಮಂಡಿ ಊರಿ ಏಳುವ ಚಾಳಿ ಹತ್ತಿದರೆ ಬಿಡಿಸುವುದು ಕಷ್ಟ. ಅಡಿಕೆ ಒಣಗಿಸುವ ಅಂಗಳದಲ್ಲಿ ಚಾಪೆ ಹಾಸಿ ದಿನಾ ಬೆಳಿಗ್ಗೆ ಮಾಡಿ. ಯಾವ ಕಾಲು ಮುಂದೆ? ಯಾರಾದರೂ ಹಿಂದಿನಿಂದ ಮೆಲ್ಲ ದೂಡಿದಾಗ ತಾನಾಗಿ ಮುಂದೆ ಬೀಳುವ ಕಾಲು. ಲೀಶ್ ಕಟ್ಟುವುದು ಇನ್ನೊಂದಕ್ಕೆ.

ನಿಲುವು ಹೇಗಿರಬೇಕೆಂದು ತಿಳಿಯಲು ಹವಾಯಿಗೆ ಹೋಗಬೇಕಾಗಿಲ್ಲ. ಮೂಡುಬಿದಿರೆಯ ಕಡಲಕೆರೆ ಬಳಿ ಕೋಟಿ ಚೆನ್ನಯ ಕಂಬಳದ ದಿನ ಅಡ್ಡಹಲಗೆಯ ಕೋಣಗಳ ಹಿಂದೆ ಬರುವವನನ್ನು ನೋಡಿ. ಮಂಡಿ ಬಾಗಿದೆ, ಸೊಂಟ ಕೆಳಗಿದೆ, ಕೈ ಬಿಗಿದಿಲ್ಲ. ಕೆಸರುನೀರು ಮುಖಕ್ಕೆ ರಾಚುತ್ತಿದ್ದರೂ ಅವನ ಕಣ್ಣು ಓಟ ಮುಗಿಯುವ ಮಂಜೊಟ್ಟಿಯ ಮೇಲಿರುತ್ತದೆಯೇ ಹೊರತು ತನ್ನ ಕಾಲಿನ ಮೇಲೆ ಇರುವುದಿಲ್ಲ. ಅಲೆಯ ಮೇಲೂ ಅಷ್ಟೇ. ಕಾಲು ನೋಡಿದವನು ಬಿದ್ದ.

12. ಬೀಳುವುದನ್ನೂ ಕಲಿಯಿರಿ

ಬಿದ್ದಾಗ ತಲೆ ಮುಂದಾಗಿ ಹಾರಬೇಡಿ, ನೀರು ಎಷ್ಟಿದೆಯೆಂದು ಗೊತ್ತಿರುವುದಿಲ್ಲ. ಬೆನ್ನಿನ ಮೇಲೆ, ಇಲ್ಲವೇ ಪಕ್ಕಕ್ಕೆ, ಬೋರ್ಡಿನಿಂದ ದೂರ ಬೀಳಿ. ಮೇಲೆ ಬರುವಾಗ ಎರಡೂ ತೋಳು ತಲೆಯ ಸುತ್ತ ಇರಲಿ, ಯಾಕೆಂದರೆ ಬೋರ್ಡ್ ಎಲ್ಲಿದೆಯೆಂದು ನಿಮಗೂ ತಿಳಿಯದು.

13. ಸಣ್ಣ ಅಪಾಯಗಳು

ಸಿಡಿಲನ್ನು ಮೊದಲು ಹೇಳುತ್ತೇನೆ, ಅದು ಸಣ್ಣದಲ್ಲದಿದ್ದರೂ. ಏಪ್ರಿಲ್, ಮೇ ಮತ್ತು ಅಕ್ಟೋಬರಿನ ಸಂಜೆ ಘಟ್ಟದ ಕಡೆ ಕಪ್ಪಾದರೆ ಏನಾಗುತ್ತದೆಂದು ನಮ್ಮ ಊರಿನವರಿಗೆ ಚೆನ್ನಾಗಿ ಗೊತ್ತು. ಬಯಲು ನೀರಿನಲ್ಲಿ ಅತಿ ಎತ್ತರದ ವಸ್ತು ನಿಮ್ಮ ತಲೆ. ಗುಡುಗು ಕೇಳಿದ ಕೂಡಲೇ ಹೊರಗೆ ಬನ್ನಿ. ಕೊನೆಯ ಗುಡುಗು ಕಳೆದು ಅರ್ಧ ಗಂಟೆ ಆಗುವವರೆಗೆ ಇಳಿಯಬೇಡಿ. ತೆಂಗಿನ ಮರದಡಿ ನಿಲ್ಲಲೂಬೇಡಿ.

ತೊರಕೆ ಮೀನು ಆಳ ಕಡಿಮೆ ಇರುವಲ್ಲಿ ಮರಳಿನಡಿ ಮಲಗಿರುತ್ತದೆ. ಹೆಜ್ಜೆ ಎತ್ತಿ ಇಡದೆ ಕಾಲು ಎಳೆಯುತ್ತ ನಡೆದರೆ ಅದೇ ಸರಿದು ಹೋಗುತ್ತದೆ. ಚುಚ್ಚಿದರೆ ತಡೆದುಕೊಳ್ಳುವಷ್ಟು ಬಿಸಿ ಇರುವ ನೀರಿನಲ್ಲಿ ಕಾಲು ಮುಳುಗಿಸಿ ಇಟ್ಟರೆ ನೋವು ಇಳಿಯುತ್ತದೆ, ಆಮೇಲೆ ಆಸ್ಪತ್ರೆ. ಜೆಲ್ಲಿಮೀನು ತಾಗಿದಲ್ಲಿ ಮರಳಿನಿಂದ ಉಜ್ಜಬೇಡಿ, ಕಡಲ ನೀರಿನಿಂದಲೇ ತೊಳೆಯಿರಿ. ಉಸಿರಾಟ ಕಷ್ಟವಾದರೆ ಮನೆಮದ್ದು ಹುಡುಕುತ್ತ ಕೂರಬೇಡಿ.

14. ಕಡಲು ಮೊದಲು ಮೊಗವೀರರದು

ನಿಮಗೆ ಕಡಲು ಭಾನುವಾರದ್ದು, ಮೀನು ಹಿಡಿದು ಬದುಕುವ ಅವರಿಗೆ ದಿನನಿತ್ಯದ್ದು. ಕೈರಂಪಣಿ ಬಲೆ ಬಿಟ್ಟಿರುವಲ್ಲಿ, ಎಷ್ಟೇ ಒಳ್ಳೆಯ ಅಲೆ ಇದ್ದರೂ, ಇಳಿಯಬೇಡಿ. ಬಲೆಗೆ ಫಿನ್ ಸಿಕ್ಕಿ ಹರಿದರೆ ಅವರ ದಿನದ ಗಳಿಕೆ ಹೋಯಿತು. ಲೀಶ್ ಸಿಕ್ಕಿಕೊಂಡರೆ ನಿಮ್ಮ ಜೀವಕ್ಕೇ ಬಂತು. ದಡದಲ್ಲಿ ಬಲೆ ನೇಯುತ್ತ ಕೂತ ಹಿರಿಯರನ್ನು ಮಾತಾಡಿಸಿ. ಅಂಥವರೊಬ್ಬರು ಬಲೆಯಿಂದ ಕಣ್ಣೆತ್ತದೆ “ಇನಿ ಕಡಲ್ ಸರಿ ಇಜ್ಜಿ” (ಇವತ್ತು ಕಡಲು ಸರಿ ಇಲ್ಲ) ಎಂದರೆ ಬೋರ್ಡನ್ನು ಗಾಡಿಗೆ ವಾಪಸು ಕಟ್ಟಿ. ಮೊಬೈಲಿನ ಮುನ್ಸೂಚನೆ ಬೇರೆ ಏನೇ ಹೇಳಿದ್ದರೂ ಸರಿ.

ಸರ್ಫರುಗಳ ನಡುವಿನ ಕಟ್ಟಳೆ ಸರಳ: ಅಲೆ ಒಡೆಯಲು ಶುರುವಾಗುವ ಜಾಗಕ್ಕೆ ಹತ್ತಿರ ಇದ್ದವನದು ಆ ಅಲೆ. ಒಂದು ಅಲೆಗೆ ಒಬ್ಬನೇ.

15. ಮಳೆಗಾಲವನ್ನು ಹಾಳು ಮಾಡಬೇಡಿ

ಮೂರು, ನಾಲ್ಕು ತಿಂಗಳು ಕಡಲು ಇಲ್ಲವೆಂದು ಕೂತುಬಿಟ್ಟರೆ ಅಕ್ಟೋಬರಿನಲ್ಲಿ ಹೆಗಲು ಮಾತು ಕೇಳುವುದಿಲ್ಲ. ಸರ್ಫಿಂಗ್‌ನಲ್ಲಿ ನಿಂತಿರುವುದು ಕೆಲವು ಸೆಕೆಂಡು, ಕೈ ಹೊಡೆಯುವುದು ಗಂಟೆಗಟ್ಟಲೆ. ಈಜುಕೊಳಕ್ಕೆ ಹೋಗಿ. ಉಸಿರು ಹಿಡಿಯುವ ಅಭ್ಯಾಸವನ್ನು ಒಬ್ಬರೇ ಮಾಡಬೇಡಿ, ಪಕ್ಕದಲ್ಲಿ ಒಬ್ಬರು ಇರಲೇಬೇಕು. ಸ್ಪರ್ಧೆಯ ಆಸೆ ಇದ್ದರೆ ಹಳೆಯ ಸ್ಪರ್ಧೆಗಳ ದಾಖಲೆ ನೋಡಿ: ಪ್ರತಿ ಅಲೆಗೆ ಹತ್ತರಲ್ಲಿ ಅಂಕ, ಅತಿ ಒಳ್ಳೆಯ ಎರಡು ಅಲೆ ಮಾತ್ರ ಲೆಕ್ಕಕ್ಕೆ. ಸಿಕ್ಕಿದ್ದನ್ನೆಲ್ಲ ಹಿಡಿಯುವವನಿಗಿಂತ ಕಾದು ಆರಿಸುವವನು ಗೆಲ್ಲುವ ಆಟ ಇದು. ಮೂಲ್ಕಿಯ ತನ್ವಿ ಜಗದೀಶ್ ನಿಂತು ಹುಟ್ಟು ಹಾಕುವ ಸ್ಟ್ಯಾಂಡ್ ಅಪ್ ಪ್ಯಾಡ್ಲಿಂಗ್‌ನಲ್ಲಿ ದೇಶದ ಮುಂಚೂಣಿಗೆ ಬಂದರು. 2025ರ ಆಗಸ್ಟಿನಲ್ಲಿ ಮಾಮಲ್ಲಪುರದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ನಮ್ಮ ದೇಶದ ರಮೇಶ್ ಬುದಿಹಾಳ್ ಸರ್ಫಿಂಗ್‌ನಲ್ಲಿ ಕಂಚು ಗೆದ್ದರು. ಟೋಕಿಯೋದಿಂದ ಒಲಿಂಪಿಕ್ಸ್‌ನಲ್ಲೂ ಈ ಆಟ ಇದೆ. ದಾರಿ ಇಲ್ಲ ಎನ್ನುವ ಕಾಲ ಹೋಯಿತು.

16. ಇನ್ನೊಬ್ಬರು ಮುಳುಗುತ್ತಿದ್ದರೆ

ಬೋರ್ಡ್ ಹಿಡಿದು ಬೀಚಿನಲ್ಲಿ ನಿಂತವನನ್ನು ಜನ ಜೀವರಕ್ಷಕನೆಂದೇ ತಿಳಿಯುತ್ತಾರೆ, ಒಂದಲ್ಲ ಒಂದು ದಿನ ನಿಮ್ಮನ್ನು ಕೂಗುತ್ತಾರೆ. ಬರಿಗೈಯಲ್ಲಿ ಹಾರಬೇಡಿ. ಒಬ್ಬನನ್ನು ಎಳೆಯಹೋಗಿ ಇಬ್ಬರು, ಮೂವರು ಹೋದ ಉದಾಹರಣೆಗಳು ಈ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಮೊದಲು ಜೀವರಕ್ಷಕರನ್ನು ಕೂಗಿ, 112ಕ್ಕೆ ಕರೆ ಮಾಡಿಸಿ. ಹಗ್ಗ, ಖಾಲಿ ಕ್ಯಾನು, ತೇಲುವ ಏನನ್ನಾದರೂ ಎಸೆಯಿರಿ. ಹೋಗಲೇಬೇಕಾದರೆ ಬೋರ್ಡ್ ಸಮೇತ ಹೋಗಿ, ನಿಮ್ಮಿಬ್ಬರ ನಡುವೆ ಬೋರ್ಡನ್ನು ಅಡ್ಡ ಹಿಡಿಯಿರಿ. ಗಾಬರಿಯಾದವನು ಅದನ್ನು ಹಿಡಿಯಲಿ, ನಿಮ್ಮ ಕುತ್ತಿಗೆಯನ್ನಲ್ಲ.

ದಡಕ್ಕೆ ತಂದ ಮೇಲೆ ಹೊಟ್ಟೆ ಒತ್ತಿ ನೀರು ಹೊರಡಿಸುವುದು, ತಲೆಕೆಳಗು ಮಾಡಿ ತಿರುಗಿಸುವುದು ನಮ್ಮ ಕಡೆ ಈಗಲೂ ನಡೆಯುತ್ತದೆ. ಅದರಿಂದ ಅಮೂಲ್ಯ ನಿಮಿಷ ಹೋಗುತ್ತದೆ. ಉಸಿರು ನಿಂತಿದ್ದರೆ ಅಂಗಾತ ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ ಬಾಯಿಯಿಂದ ಉಸಿರು ಕೊಡಿ. ಬಳಿಕ ಎದೆಯ ನಡುವೆ ಐದಾರು ಸೆಂಟಿಮೀಟರ್ ಇಳಿಯುವಂತೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಿ, ಮತ್ತೆ 2 ಉಸಿರು. ಆಂಬುಲೆನ್ಸ್ ಬರುವ ತನಕ ಬಿಡಬೇಡಿ, ಕೈ ಸೋತರೆ ಇನ್ನೊಬ್ಬರಿಗೆ ದಾಟಿಸಿ. ಇದನ್ನು ಓದಿ ಕಲಿಯಲಾಗದು, ಗೊಂಬೆಯ ಮೇಲೆ ಕೈಯಿಟ್ಟೇ ಕಲಿಯಬೇಕು. ನಿಮ್ಮ ಕಾಲೇಜಿನ ರೆಡ್‌ಕ್ರಾಸ್ ಘಟಕದವರನ್ನು ಕೇಳಿ ಒಂದು ತರಬೇತಿ ಇಡಿಸಿ. ಬೋರ್ಡ್ ಬಾಡಿಗೆಗೆ ಕೂಡಿಟ್ಟ ಹಣವನ್ನು ಮುಟ್ಟುವುದು ಅದಾದ ಮೇಲೆ.